ಬಡಾವಣೆಯಲ್ಲಿ ಕಾಮಾಲೆ ಹರಡುತ್ತಿದೆ, ನೀರಿನ ವರದಿ ‘ಯೋಗ್ಯ’ ಎನ್ನುತ್ತಿದೆ: ಆಸ್ಪತ್ರೆ ಕೇಳಬೇಕೇ, ಫಿಲ್ಟರ್ ಹಾಕಿಸಬೇಕೇ?

ನಿಮ್ಮ ಪ್ರಶ್ನೆಯ ಎರಡು ಸಾಲು ಓದುವಷ್ಟರಲ್ಲೇ ಜಾಗ ಗುರುತು ಸಿಕ್ಕಿತು. ಇಂಥ ವಾರ್ಡುಗಳಲ್ಲೇ ನಾನು ಕೆಲಸ ಮಾಡಿಕೊಂಡು ಬಂದಿರುವುದು. ನಗರದ ಅಂಚಿನ ಹೊಸ ಬಡಾವಣೆ, ದಿನ ಬಿಟ್ಟು ದಿನ ನೀರು, ಮಳೆ ಹಿಡಿದ ಮೇಲೆ ಒಂದೊಂದೇ ಮನೆಯಲ್ಲಿ ಕಾಮಾಲೆ, ಗಾಬರಿಯಾಗಿ ನಲ್ಲಿ ನೀರು ಪರೀಕ್ಷೆಗೆ ಕೊಟ್ಟರೆ ‘ಕುಡಿಯಲು ಯೋಗ್ಯ’ ಎಂಬ ವರದಿ. ಈಗ ವಾರ್ಡಿಗೊಂದು ಆಸ್ಪತ್ರೆಗಾಗಿ ಮನವಿ ಕೊಡುವುದೋ, ಮನೆಮನೆಗೂ ಫಿಲ್ಟರ್ ಹಾಕಿಸುವುದೋ ಎಂದು ಕೇಳುತ್ತಿದ್ದೀರಿ. ಎರಡೂ ಬೇಡ. ಮೊದಲು ಆ ವರದಿಯನ್ನು ಪಕ್ಕಕ್ಕಿಡಿ.

ವರದಿ ಸುಳ್ಳಲ್ಲ. ಆದರೆ ಅದು ನಿಮ್ಮ ಪಕ್ಕದ ಮನೆಯವರಿಗೆ ಕಾಯಿಲೆ ತಂದ ನೀರಿನ ವರದಿ ಅಲ್ಲ. ಇಂಥ ಪ್ರಕರಣಗಳಲ್ಲಿ ದುಬಾರಿಯಾಗುವ ತಪ್ಪು ಇದೊಂದೇ, ಹಾಗಾಗಿ ಇದನ್ನು ಸ್ವಲ್ಪ ಎಳೆದೇ ಹೇಳುತ್ತೇನೆ. ನೀರಿನಿಂದ ಬರುವ ಕಾಮಾಲೆಗೆ ಮುಖ್ಯವಾಗಿ ಎರಡು ವೈರಸ್ ಕಾರಣ, ಹೆಪಟೈಟಿಸ್ ಎ ಮತ್ತು ಹೆಪಟೈಟಿಸ್ ಇ. ವೈರಸ್ ಹೊಟ್ಟೆ ಸೇರಿದ ದಿನದಿಂದ ಕಣ್ಣು ಹಳದಿಯಾಗುವವರೆಗೆ ‘ಎ’ ಸುಮಾರು ನಾಲ್ಕು ವಾರ ತೆಗೆದುಕೊಳ್ಳುತ್ತದೆ, ‘ಇ’ ಸಾಮಾನ್ಯವಾಗಿ ಐದಾರು ವಾರ. ‘ಇ’ ಎರಡು ವಾರದಲ್ಲೂ ಕಾಣಿಸಬಹುದು, ಹತ್ತು ವಾರಕ್ಕೂ ಎಳೆಯಬಹುದು. ಅಂದರೆ ಇವತ್ತು ಹಾಸಿಗೆ ಹಿಡಿದವರು ಕುಡಿದ ಕೆಟ್ಟ ನೀರು ತಿಂಗಳ ಹಿಂದೆಯೇ ಪೈಪಿನಲ್ಲಿ ಹರಿದು ಹೋಗಿದೆ. ಅಷ್ಟರಲ್ಲಿ ಒಡೆದ ಪೈಪನ್ನು ಯಾರೋ ತೇಪೆ ಹಾಕಿ ಮುಚ್ಚಿರಬಹುದು, ಉಕ್ಕುತ್ತಿದ್ದ ಮ್ಯಾನ್‌ಹೋಲ್ ಇಳಿದಿರಬಹುದು, ಕಾಮಾಲೆ ಸುದ್ದಿ ಕೇಳಿ ಪಂಪ್‌ಹೌಸಿನವರು ಕ್ಲೋರಿನ್ ಏರಿಸಿರಬಹುದು. ಕ್ಲೋರಿನ್ ಏರಿಸಿದ ಮರುದಿನ ತೆಗೆದ ಮಾದರಿ ಚೆನ್ನಾಗಿಯೇ ಬರುತ್ತದೆ. ಆ ಕಾಗದ ತೋರಿಸಿ ‘ನೀರಿನ ದೋಷವಲ್ಲ’ ಎಂದು ಕಡತ ಮುಚ್ಚುತ್ತಾರೆ, ಮುಂದಿನ ಮಳೆಗೆ ಅದೇ ತೂತು ಅದೇ ಕೆಲಸ ಮಾಡುತ್ತದೆ.

ಇದಕ್ಕೆ ಒಂದು ಹಳೆಯ, ದೊಡ್ಡ ಉದಾಹರಣೆಯಿದೆ. 1955ರ ನವೆಂಬರಿನಲ್ಲಿ ದೆಹಲಿಯ ವಜೀರಾಬಾದ್ ಬಳಿ, ಯಮುನೆಯಿಂದ ನೀರೆತ್ತುವ ಜಾಗಕ್ಕೆ ನಜಫಗಢ ನಾಲೆಯ ಕೊಳಚೆ ಬಂದು ಸೇರಿತು. ನೀರು ಶುದ್ಧೀಕರಣ ಘಟಕದವರು ಕ್ಲೋರಿನ್ ಹೆಚ್ಚಿಸಿದರು. ಟೈಫಾಯ್ಡ್, ಆಮಶಂಕೆ ಏರಲಿಲ್ಲ. ಆದರೆ ಡಿಸೆಂಬರ್ ಮತ್ತು 1956ರ ಜನವರಿಯಲ್ಲಿ ಸುಮಾರು 29,000 ಜನರಿಗೆ ಕಾಮಾಲೆ ಕಾಣಿಸಿತು. ಬ್ಯಾಕ್ಟೀರಿಯಾ ಸತ್ತವು, ಕೊಳಚೆಯ ಮರೆಯಲ್ಲಿ ವೈರಸ್ ದಾಟಿಕೊಂಡಿತು. ಕೂಡಿಟ್ಟಿದ್ದ ರಕ್ತದ ಮಾದರಿಗಳನ್ನು ದಶಕಗಳ ನಂತರ ಪರೀಕ್ಷಿಸಿದಾಗ ಅದು ಹೆಪಟೈಟಿಸ್ ಎ ಅಲ್ಲವೆಂದು ತಿಳಿಯಿತು, ಈಗ ಅದನ್ನು ‘ಇ’ ಎಂದೇ ಪರಿಗಣಿಸುತ್ತಾರೆ. ನವೆಂಬರಿನ ಕೊಳಚೆಗೆ ಡಿಸೆಂಬರ್ ಕೊನೆಯ ರೋಗಿಗಳು. ‘ಕೋಲಿಫಾರ್ಮ್ (ಕೊಳಚೆಯ ಗುರುತಾಗಿ ಹುಡುಕುವ ಬ್ಯಾಕ್ಟೀರಿಯಾ) ಇಲ್ಲ’ ಎಂಬ ಒಂದೇ ಸಾಲನ್ನು ನಂಬಿ ವೈರಸ್ ಇಲ್ಲವೆಂದು ತೀರ್ಮಾನಿಸಬಾರದು ಎನ್ನುವುದು ಅಂದಿನಿಂದ ಗೊತ್ತಿರುವ ವಿಚಾರ, ಆದರೂ ವಾರ್ಡು ಮಟ್ಟದಲ್ಲಿ ಇಂದಿಗೂ ಅದೇ ನಡೆಯುತ್ತಿದೆ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ರೋಗಿಗಳ ಪಟ್ಟಿಯಿಂದ. ಪ್ರತಿಯೊಬ್ಬರದ್ದೂ ವಯಸ್ಸು, ಲಿಂಗ, ರಸ್ತೆ ಮತ್ತು ಮನೆ ಸಂಖ್ಯೆ, ಗರ್ಭಿಣಿಯೇ, ಕುಡಿಯುವ ನೀರು ಯಾವುದು (ಕೆಲವು ಬೀದಿಗಳಿಗೆ ನೀರು ಬಿಡುವ ಯಾವ ವಾಲ್ವಿನ ನಲ್ಲಿ, ಬೋರ್‌ವೆಲ್, ಟ್ಯಾಂಕರ್, ಕ್ಯಾನ್), ಮನೆಯಲ್ಲಿ ಸಂಪು ಇದೆಯೇ, ಮನೆಯಲ್ಲಿ ಬೇರೆ ಯಾರಿಗಾದರೂ ಬಂದಿದೆಯೇ ಎಂಬುದನ್ನು ಬರೆದುಕೊಳ್ಳಿ. ಎಲ್ಲಕ್ಕಿಂತ ಮುಖ್ಯವಾದ ಕಾಲಂ ಲಕ್ಷಣ ಶುರುವಾದ ದಿನ. ಆಸ್ಪತ್ರೆಗೆ ಹೋದ ದಿನ ಬೇಡ, ರಕ್ತ ಪರೀಕ್ಷೆಯ ದಿನವೂ ಬೇಡ. ‘ಮೂತ್ರ ಗಾಢ ಹಳದಿಯಾಗಿದ್ದು ಯಾವತ್ತು?’ ಎಂದು ಕೇಳಿದರೆ ಜನ ಸರಿಯಾಗಿ ಹೇಳುತ್ತಾರೆ, ಹಬ್ಬ, ಸಂಬಳದ ದಿನ, ಶಾಲೆಯ ಪರೀಕ್ಷೆ ಹೀಗೆ ಯಾವುದಾದರೊಂದು ಗುರುತು ಕೊಟ್ಟು ನೆನಪಿಸಬೇಕು. ನವಜಾತ ಶಿಶುವಿನ ಹಳದಿ, ಮದ್ಯದಿಂದ ಯಕೃತ್ತು ಕೆಟ್ಟವರ ಹಳದಿ ಈ ಪಟ್ಟಿಗೆ ಸೇರಬಾರದು. ಆರು ವರ್ಷದೊಳಗಿನ ಮಕ್ಕಳಿಗೆ ‘ಎ’ ತಗುಲಿದರೂ ಬಹುಪಾಲು ಮಕ್ಕಳ ಕಣ್ಣು ಹಳದಿಯಾಗುವುದಿಲ್ಲ. ಹಾಗಾಗಿ ಮಕ್ಕಳಿಗೆ ಬಂದಿಲ್ಲ ಎಂದರೆ ಮಕ್ಕಳು ಆ ನೀರು ಕುಡಿದಿಲ್ಲ ಎಂದರ್ಥವಲ್ಲ. ಹದಿನೈದರಿಂದ ನಲವತ್ತರ ವಯಸ್ಸಿನವರೇ ಹೆಚ್ಚಿದ್ದರೆ ‘ಇ’ ಮೇಲೆ ಅನುಮಾನ ಇಡಿ. ಎಲ್ಲರ ರಕ್ತವೂ ಬೇಕಿಲ್ಲ, ಹೊಸದಾಗಿ ಕಾಣಿಸಿಕೊಂಡ ಏಳೆಂಟು ಜನರ ರಕ್ತದಲ್ಲಿ ‘ಎ’ ಮತ್ತು ‘ಇ’ ಎರಡರದ್ದೂ ಐಜಿಎಂ ಪರೀಕ್ಷೆ (ಹೊಸ ಸೋಂಕಿಗೆ ದೇಹ ತಯಾರಿಸುವ ಪ್ರತಿಕಾಯದ ಪರೀಕ್ಷೆ) ಮಾಡಿಸಿದರೆ ಯಾವ ವೈರಸ್ ಎಂದು ತಿಳಿಯುತ್ತದೆ. ಅದು ತಿಳಿಯದೆ ದಿನಾಂಕ ಲೆಕ್ಕ ಹಾಕಲಾಗದು.

ಪಟ್ಟಿ ಸರ್ಕಾರಿ ಆರೋಗ್ಯ ಕೇಂದ್ರದ ರಿಜಿಸ್ಟರಿಗೆ ನಿಲ್ಲಬಾರದು. ಬೆಳೆಯುವ ನಗರದಲ್ಲಿ ಜನ ಮೊದಲು ಹೋಗುವುದು ಬೀದಿಯ ಖಾಸಗಿ ಕ್ಲಿನಿಕ್ಕಿಗೆ, ನಾಟಿ ಔಷಧಿ ಕೊಡುವವರ ಹತ್ತಿರಕ್ಕೆ, ಇಲ್ಲವೇ ಸೀದಾ ಲ್ಯಾಬಿಗೆ. ಲ್ಯಾಬಿನಲ್ಲಿ ಬಿಲಿರುಬಿನ್ (ಕಾಮಾಲೆಯಲ್ಲಿ ರಕ್ತದಲ್ಲಿ ಏರುವ ಹಳದಿ ಅಂಶ) ಹೆಚ್ಚು ಬಂದವರ ದಿನಾಂಕವಾರು ಸಂಖ್ಯೆಯನ್ನು ಆರೋಗ್ಯಾಧಿಕಾರಿಯ ಮೂಲಕ ಕೇಳಿಸಿ. ಕಟ್ಟಡ ಕಾರ್ಮಿಕರ ಶೆಡ್ಡುಗಳು ಯಾವ ಪಟ್ಟಿಯಲ್ಲೂ ಇರುವುದಿಲ್ಲ, ಕಾಯಿಲೆ ಬಿದ್ದವರು ಊರಿಗೆ ಹೊರಟುಹೋಗುತ್ತಾರೆ. ಅಲ್ಲಿಗೆ ಯಾರಾದರೂ ನಡೆದೇ ಹೋಗಬೇಕು.

ಈಗ ಕ್ಯಾಲೆಂಡರ್ ಹಿಂದಕ್ಕೆ ತಿರುಗಿಸಿ. ಒಂದು ಚೌಕಳಿ ಹಾಳೆಯಲ್ಲಿ ಒಬ್ಬ ರೋಗಿಗೆ ಒಂದು ಚೌಕದಂತೆ, ಲಕ್ಷಣ ಶುರುವಾದ ದಿನದ ಮೇಲೆ ಪೇರಿಸುತ್ತಾ ಹೋದರೆ ಗುಡ್ಡದ ಆಕಾರ ಬರುತ್ತದೆ. ಒಂದೇ ಗುಡ್ಡವಾದರೆ ಕೊಳಚೆ ಸೇರಿದ್ದು ಒಂದು ಸಲ ಅಥವಾ ಕೆಲವೇ ದಿನ. ಚಪ್ಪಟೆಯಾಗಿ ಉದ್ದಕ್ಕೆ ಎಳೆದಿದ್ದರೆ ಸೋರಿಕೆ ಇನ್ನೂ ನಡೆಯುತ್ತಿದೆ. ಗುಡ್ಡದ ತುದಿ ಜುಲೈ 20 ಎಂದಿಟ್ಟುಕೊಳ್ಳಿ. ವೈರಸ್ ‘ಇ’ ಆದರೆ ಐದರಿಂದ ಆರು ವಾರ ಹಿಂದಕ್ಕೆ, ಅಂದರೆ ಜೂನ್ 8ರಿಂದ 15. ‘ಎ’ ಆದರೆ ಜೂನ್ 22ರ ಆಸುಪಾಸು. ಆ ದಿನಗಳಲ್ಲಿ ಏನಾಯಿತು ಎಂದು ನೀರು ಬಿಡುವವರನ್ನು ಕೇಳಿ. ರಸ್ತೆ ಅಗೆದಿದ್ದರೇ, ಕೇಬಲ್ ಹಾಕುವವರು ಪೈಪಿಗೆ ಪೆಟ್ಟು ಕೊಟ್ಟರೇ, ಮೊದಲ ಜೋರು ಮಳೆ ಯಾವತ್ತು, ಯುಜಿಡಿ (ಒಳಚರಂಡಿ) ಎಲ್ಲಿ ಕಟ್ಟಿಕೊಂಡಿತ್ತು, ಮೋಟಾರ್ ಕೆಟ್ಟು ಎಷ್ಟು ದಿನ ಲೈನ್ ಖಾಲಿ ಇತ್ತು, ಬ್ಲೀಚಿಂಗ್ ಪೌಡರ್ ದಾಸ್ತಾನು ಯಾವಾಗ ಮುಗಿದಿತ್ತು? ಬೈಯುವ ದನಿಯಲ್ಲಿ ಕೇಳಿದರೆ ಉತ್ತರ ಸಿಗದು. ವಾಲ್ವ್‌ಮನ್‌ಗಳ ತಲೆಯಲ್ಲಿ ಇರುವಷ್ಟು ವಿವರ ಯಾವ ನಕ್ಷೆಯಲ್ಲೂ ಇಲ್ಲ, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಈ ಕೆಲಸ ಆಗಬೇಕು.

ಕ್ಲಿನಿಕ್ಕುಗಳಲ್ಲಿ ಅದೇ ದಿನಗಳ ವಾಂತಿಭೇದಿ ಪ್ರಕರಣಗಳನ್ನೂ ನೋಡಿ. ಒಂದೇ ಸೋರಿಕೆ ಬೇರೆಬೇರೆ ಹೊತ್ತಿಗೆ ಮುಖ ತೋರಿಸುತ್ತದೆ: ಕೆಲವು ದಿನಗಳಲ್ಲಿ ಭೇದಿ, ಎರಡು ವಾರದ ಸುಮಾರಿಗೆ ಟೈಫಾಯ್ಡ್, ತಿಂಗಳ ನಂತರ ಕಾಮಾಲೆ. ಭೇದಿ ಬಂದಾಗಲೇ ಎಚ್ಚೆತ್ತಿದ್ದರೆ ಕಾಮಾಲೆಗೆ ಮೊದಲೇ ನೀರು ಕುದಿಸಲು ಹೇಳಬಹುದಿತ್ತು. ವಾರ್ಡಿನಲ್ಲಿ ಭೇದಿಯ ವಾರದ ಲೆಕ್ಕ ಇಡುವುದು ಅದಕ್ಕಾಗಿಯೇ.

ಇನ್ನು ಎಣಿಕೆ. ಹೊಸ ಬಡಾವಣೆಗಳಲ್ಲಿ ಹಳೆಯ ಜನಗಣತಿಯ ಸಂಖ್ಯೆ ಇಟ್ಟುಕೊಂಡು ಲೆಕ್ಕ ಮಾಡಿದರೆ ದಾರಿ ತಪ್ಪುವುದು ಖಂಡಿತ, ಆಗ ಹೊಲವಿದ್ದ ಕಡೆ ಈಗ ನಾಲ್ಕಂತಸ್ತಿನ ಮನೆಗಳಿರುತ್ತವೆ. ವಾಲ್ವುವಾರು ಮನೆ ಎಣಿಸಿ, ಬಾಡಿಗೆಯವರನ್ನೂ ಸೇರಿಸಿ ಜನಸಂಖ್ಯೆ ಅಂದಾಜಿಸಿ. ಒಂದು ವಾಲ್ವಿನಲ್ಲಿ 6,000 ಜನಕ್ಕೆ 30 ರೋಗಿಗಳು, ಇನ್ನೊಂದರಲ್ಲಿ 600 ಜನಕ್ಕೆ 18 ರೋಗಿಗಳು ಎಂದುಕೊಳ್ಳಿ. ಎಲ್ಲರ ಕಣ್ಣು 30ರ ಕಡೆಗೆ ಹೋಗುತ್ತದೆ. ಆದರೆ ಅಲ್ಲಿ ನೂರಕ್ಕೆ ಅರ್ಧ, ಇಲ್ಲಿ ನೂರಕ್ಕೆ ಮೂರು. ಅಗೆಯಬೇಕಾದ್ದು ಆರು ಪಟ್ಟು ಹೆಚ್ಚಿರುವ ಈ ಸಣ್ಣ ವಾಲ್ವಿನ ಕಡೆ.

ಅಗೆಯುವ ಮುನ್ನ ಕ್ಲೋರಿನ್ ಅಳೆಯುತ್ತಾ ನಡೆಯಬೇಕು. ದಿನ ಬಿಟ್ಟು ದಿನ ನೀರು ಬರುವ ಲೈನಿನಲ್ಲಿ ನೀರು ನಿಂತಾಗ ಒಳಗಿನ ಒತ್ತಡ ಸೊನ್ನೆಗೆ ಇಳಿಯುತ್ತದೆ, ಎಲ್ಲಿ ತೂತಿದೆಯೋ ಅಲ್ಲಿ ಸುತ್ತಲಿನ ಚರಂಡಿ ನೀರು ಒಳಗೆ ಜಿನುಗುತ್ತದೆ. ನಲ್ಲಿಗೆ ನೇರವಾಗಿ ಮೋಟಾರ್ ಹಾಕಿ ಎಳೆಯುವವರಿದ್ದರೆ ನೀರು ಬರುವಾಗಲೂ ಸ್ಟ್ರಾ ಹಾಕಿ ಹೀರಿದಂತೆ ಕೊಳಚೆ ಒಳಗೆ ಬರುತ್ತದೆ. ಈ ಕೊಳಕು ಹೊರಬೀಳುವುದು ನೀರು ಬಿಟ್ಟ ಮೊದಲ ಹತ್ತು ಹದಿನೈದು ನಿಮಿಷಗಳಲ್ಲಿ. ಆದರೆ ಮಾದರಿ ತೆಗೆಯುವವರು ನಿಯಮದಂತೆ ನಲ್ಲಿಯನ್ನು ಒಂದೆರಡು ನಿಮಿಷ ಹರಿಯಬಿಟ್ಟು, ಅದೂ ನೀರು ಬಂದು ಗಂಟೆ ಕಳೆದ ಮೇಲೆ ತೆಗೆಯುತ್ತಾರೆ. ಮುಖ್ಯ ಲೈನಿನ ಗುಣಮಟ್ಟ ತಿಳಿಯಲು ಅದು ಸರಿ. ಸೋರಿಕೆ ಹುಡುಕಲು ಮೊದಲ ನೀರೇ ಬೇಕು. ನೀರು ಬಂದ ಕ್ಷಣ, 5, 15, 30ನೇ ನಿಮಿಷಕ್ಕೆ ಒಂದೊಂದು ಅಳತೆ ತೆಗೆಯಿರಿ. ಟ್ಯಾಂಕಿನ ಬಾಯಿಂದ ಕೊನೆ ಮನೆಯವರೆಗೆ ನಾಲ್ಕೈದು ಜಾಗ ಆರಿಸಿ ಒಂದೇ ಹೊತ್ತಿಗೆ ಅಳೆಯಿರಿ. ಲೀಟರಿಗೆ 0.6, 0.5, 0.5 ಮಿಲಿಗ್ರಾಂ ಎಂದು ಬಂದು ನಾಲ್ಕನೇ ಜಾಗದಲ್ಲಿ ಸೊನ್ನೆಯಾದರೆ, ಕೊಳಚೆ ಸೇರುತ್ತಿರುವುದು ಮೂರಕ್ಕೂ ನಾಲ್ಕಕ್ಕೂ ನಡುವೆ. ಎಲ್ಲ ಕಡೆಯೂ ನಿಧಾನವಾಗಿ ಇಳಿದಿದ್ದರೆ ತೂತಿಗಿಂತ ಹೆಚ್ಚಾಗಿ ಡೋಸ್ ಸಾಲದು ಎಂದು ತಿಳಿಯಿರಿ.

ಅಳೆಯಲು ಡಿಪಿಡಿ ಮಾತ್ರೆಯ ಕಿಟ್ ತೆಗೆದುಕೊಳ್ಳಿ. ಒಂದನೇ ಸಂಖ್ಯೆಯ ಮಾತ್ರೆ ಹಾಕಿ ಒಂದು ನಿಮಿಷದೊಳಗೆ ಗುಲಾಬಿ ಬಣ್ಣ ಓದಿದರೆ ಮುಕ್ತ ಕ್ಲೋರಿನ್ (ಬೇರೆ ಯಾವುದರ ಜೊತೆಗೂ ಸೇರದೆ ರೋಗಾಣು ಕೊಲ್ಲಲು ಉಳಿದಿರುವ ಕ್ಲೋರಿನ್) ಎಷ್ಟೆಂದು ಸಿಗುತ್ತದೆ. ಹಳದಿ ಬಣ್ಣ ಕೊಡುವ ಹಳೆಯ ಆರ್ಥೋಟಾಲಿಡಿನ್ ದ್ರಾವಣವನ್ನು ನಾನು ಒಪ್ಪುವುದಿಲ್ಲ. ಅದು ಕ್ಯಾನ್ಸರ್‌ಕಾರಕವೆಂಬ ಅನುಮಾನವಿದೆ. ಜೊತೆಗೆ, ಕೊಳಚೆಯ ಅಮೋನಿಯಾ ಜೊತೆ ಸೇರಿ ದುರ್ಬಲವಾದ ಕ್ಲೋರಿನ್ನಿಗೂ ಅದು ತಡವಾಗಿ ಬಣ್ಣ ತೋರಿಸುತ್ತದೆ. ನಿಧಾನವಾಗಿ ಓದಿದವರು ‘ಕ್ಲೋರಿನ್ ಇದೆ’ ಎಂದು ಬರೆದುಕೊಂಡು ಹೋಗುತ್ತಾರೆ, ಅದೇ ನೀರಿನಲ್ಲಿ ಕೊಳಚೆ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಂತೆ ಪಿಎಚ್ (ಆಮ್ಲ-ಕ್ಷಾರದ ಅಳತೆ) 8ಕ್ಕಿಂತ ಕಡಿಮೆ ಇರುವ ನೀರಿನಲ್ಲಿ 30 ನಿಮಿಷದ ನಂತರ ಲೀಟರಿಗೆ ಕನಿಷ್ಠ 0.5 ಮಿಲಿಗ್ರಾಂ ಮುಕ್ತ ಕ್ಲೋರಿನ್ ಉಳಿಯಬೇಕು, ಮನೆ ನಲ್ಲಿಯಲ್ಲಿ ಕನಿಷ್ಠ 0.2. ಕಾಯಿಲೆ ಹರಡಿರುವಾಗ ಕೊನೆ ಮನೆಯ ನಲ್ಲಿಯಲ್ಲೇ 0.5 ಇರಲಿ, ಟ್ಯಾಂಕರಿಗೆ ತುಂಬುವಾಗ 2. ನೀರು ಮಣ್ಣುಮಣ್ಣಾಗಿದ್ದರೆ ಈ ಅಂಕಿಗಳಿಗೆ ಅರ್ಥವಿಲ್ಲ, ಕಣಗಳ ಮರೆಯಲ್ಲಿ ರೋಗಾಣು ಉಳಿಯುತ್ತದೆ.

ಪ್ರಯೋಗಾಲಯಕ್ಕೆ ಕಳಿಸುವ ಬಾಟಲಿಯ ಬಗ್ಗೆಯೂ ಒಂದು ಮಾತು. ಅದರಲ್ಲಿ ಮೊದಲೇ ಕ್ಲೋರಿನ್ನಿನ ಕೆಲಸ ನಿಲ್ಲಿಸುವ ಸೋಡಿಯಂ ಥಯೋಸಲ್ಫೇಟ್ ಹಾಕಿರಬೇಕು. ಇಲ್ಲದಿದ್ದರೆ ದಾರಿಯುದ್ದಕ್ಕೂ ಕ್ಲೋರಿನ್ ಬಾಟಲಿಯೊಳಗೇ ಬ್ಯಾಕ್ಟೀರಿಯಾ ಕೊಲ್ಲುತ್ತಿರುತ್ತದೆ, ಲ್ಯಾಬಿಗೆ ಮುಟ್ಟುವುದು ನೀವು ಕುಡಿಯದ ಶುದ್ಧ ನೀರು. ಐಸ್ ಪೆಟ್ಟಿಗೆಯಲ್ಲಿಟ್ಟು ಆರು ಗಂಟೆಯೊಳಗೆ ತಲುಪಿಸಿದರೆ ಒಳ್ಳೆಯದು, 24 ಗಂಟೆ ಮೀರಲೇಬಾರದು. ನೀವು ತೊಳೆದ ಮಿನರಲ್ ವಾಟರ್ ಬಾಟಲಿಯಲ್ಲಿ ಕೊಟ್ಟಿದ್ದರೆ ಆ ವರದಿಯನ್ನು ನಾನು ಓದುವುದೂ ಇಲ್ಲ.

ತೂತು ಹುಡುಕುವಾಗ ಮೊದಲು ನೋಡಬೇಕಾದ್ದು ದೊಡ್ಡ ಪೈಪಲ್ಲ, ರಸ್ತೆಯ ಲೈನಿನಿಂದ ಮನೆಗೆ ಎಳೆದ ಸಣ್ಣ ಸಂಪರ್ಕ. ಚರಂಡಿಯೊಳಗಿಂದಲೇ ಹಾಯಿಸಿರುತ್ತಾರೆ, ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ತುಕ್ಕು ಹಿಡಿದಿರುತ್ತದೆ, ಜೋಡಣೆ ಸಡಿಲವಾಗಿರುತ್ತದೆ. ಬಳಸದೆ ಬಿಟ್ಟ ಹಳೆಯ ಸಂಪರ್ಕದ ತುದಿಯನ್ನು ಪ್ಲಗ್ ಹಾಕದೆ ಮಣ್ಣಲ್ಲಿ ಮುಚ್ಚಿರುತ್ತಾರೆ, ಅದು ನೇರ ಬಾಯಿ. ಆಮೇಲೆ ಯುಜಿಡಿ ಮತ್ತು ನೀರಿನ ಲೈನ್ ದಾಟುವ ಜಾಗಗಳು. ಎರಡರ ನಡುವೆ ಅಡ್ಡಕ್ಕೆ 3 ಮೀಟರ್ ಅಂತರ, ದಾಟುವಲ್ಲಿ ನೀರಿನ ಪೈಪು ಅರ್ಧ ಮೀಟರ್ ಮೇಲೆ ಇರಬೇಕು. ಕಿರಿದಾದ ಅಡ್ಡರಸ್ತೆಗಳಲ್ಲಿ ಎರಡನ್ನೂ ಒಂದೇ ಗುಂಡಿಯಲ್ಲಿ ಹೂತಿರುವುದು ಅಪರೂಪವಲ್ಲ. ವಾಲ್ವ್ ಗುಂಡಿಗಳಲ್ಲಿ ನೀರು ನಿಂತಿದೆಯೇ ನೋಡಿ, ನಿಂತಿದ್ದರೆ ಅದೂ ಒಳಗೆ ಹೋಗುವ ದಾರಿಯೇ.

ರಿಪೇರಿ ಆಗುವವರೆಗೆ ಆ ವಾಲ್ವಿನ ನೀರನ್ನು ಕುಡಿಯಲು ಬಿಡಬೇಡಿ, ಕ್ಲೋರಿನ್ ಹಾಕಿದ ಟ್ಯಾಂಕರ್ ತರಿಸಿ. ಬ್ಲೀಚಿಂಗ್ ಪೌಡರಿನ ಲೆಕ್ಕ ಸುಲಭ: ಲೀಟರ್ ಸಂಖ್ಯೆಯನ್ನು ಬೇಕಾದ ಮಿಲಿಗ್ರಾಮಿನಿಂದ ಗುಣಿಸಿ, ಪೌಡರಿನ ಶೇಕಡಾ ಬಲದ (ಅದರಲ್ಲಿರುವ ಕ್ಲೋರಿನ್ ಪ್ರಮಾಣದ) ಹತ್ತು ಪಟ್ಟಿನಿಂದ ಭಾಗಿಸಿದರೆ ಗ್ರಾಂ ಬರುತ್ತದೆ. 10,000 ಲೀಟರಿಗೆ 2 ಮಿಲಿಗ್ರಾಂ, ಪೌಡರ್ ಶೇಕಡಾ 25ರದ್ದಾದರೆ 80 ಗ್ರಾಂ. ಹೊಸ ಪೌಡರಿನ ಬಲ ಶೇಕಡಾ 33ರ ಸುಮಾರು, ಬಾಯಿ ತೆರೆದ ಚೀಲ ಸೆಕೆಗೆ ಬೇಗ ಸತ್ವ ಕಳೆದುಕೊಳ್ಳುತ್ತದೆ. ಎಷ್ಟು ಹಾಕಬೇಕು ಎಂಬುದನ್ನು ಊಹಿಸದೆ ಬಕೆಟ್ಟಿನಲ್ಲಿ ಪರೀಕ್ಷಿಸಿ. ಒಂದು ಲೀಟರ್ ನೀರಿಗೆ ಶೇಕಡಾ 25ರ ಪೌಡರ್ 40 ಗ್ರಾಂ ಕಲಸಿದರೆ ಶೇಕಡಾ 1ರ ದ್ರಾವಣ. 20 ಲೀಟರಿನ ನಾಲ್ಕು ಬಕೆಟ್ಟಿಗೆ ಅದರ ತಿಳಿಯನ್ನು 2, 4, 6, 8 ಮಿಲಿಲೀಟರ್ ಹಾಕಿ, ಕಲಕಿ, 30 ನಿಮಿಷ ಬಿಟ್ಟು ಅಳೆಯಿರಿ. ಅವು ಕ್ರಮವಾಗಿ ಲೀಟರಿಗೆ 1, 2, 3, 4 ಮಿಲಿಗ್ರಾಂ. ಯಾವ ಬಕೆಟ್ಟಿನಲ್ಲಿ 0.5 ಉಳಿದಿದೆಯೋ ಅದೇ ನಿಮ್ಮ ನೀರಿನ ಡೋಸ್. ಟ್ಯಾಂಕಿಗೆ ಪೌಡರನ್ನು ಹಾಗೇ ಎರಚಬೇಡಿ. ಪೇಸ್ಟ್ ಮಾಡಿ, ನೀರು ಬೆರೆಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಸುರಿಯಿರಿ. ಬಯಲಲ್ಲಿ ನಿಂತು ಗ್ಲೌಸ್ ಹಾಕಿಕೊಂಡೇ ಕಲಸಿ, ಆಸಿಡ್ ಹತ್ತಿರ ಸುಳಿಯಬಾರದು.

ಮನೆಯ ಸಂಪನ್ನು ಮರೆಯಬೇಡಿ. ಲೈನ್ ಸರಿಯಾದರೂ ಮೊದಲ ನೀರನ್ನೆಲ್ಲ ನುಂಗಿ ಕೂತಿರುವುದು ಅದೇ. ಖಾಲಿ ಮಾಡಿ, ಉಜ್ಜಿ ತೊಳೆದು, ತುಂಬಿ, ಲೀಟರಿಗೆ 50 ಮಿಲಿಗ್ರಾಂ ಲೆಕ್ಕದಲ್ಲಿ (5,000 ಲೀಟರಿಗೆ ಶೇಕಡಾ 25ರ ಪೌಡರ್ 1 ಕೆಜಿ) ಹಾಕಿ 12 ಗಂಟೆ ಬಿಟ್ಟು, ಆ ನೀರನ್ನು ಹೊರಚೆಲ್ಲಿ ಮತ್ತೆ ತುಂಬಿಸಿಕೊಳ್ಳಿ. ಮುಚ್ಚಿಟ್ಟ ಸಂಪಿಗೆ ಯಾರೂ ಒಬ್ಬರೇ ಇಳಿಯಬಾರದು. ಮುಚ್ಚಳ ತೆಗೆದು ಗಾಳಿಯಾಡಿಸಿ, ಮೇಲೊಬ್ಬರು ನಿಂತಿರಬೇಕು. ಒಳಗಿನವರು ಕುಸಿದರೆ ಕಾಪಾಡಲೆಂದು ಹಿಂದೆಯೇ ಇಳಿದವರೂ ಸಾಯುತ್ತಾರೆ.

ಫಿಲ್ಟರ್ ಬೇಡ ಎಂದದ್ದಕ್ಕೆ ಕಾರಣವಿದೆ. ಈ ವೈರಸ್‌ಗಳ ಗಾತ್ರ 27ರಿಂದ 34 ನ್ಯಾನೋಮೀಟರ್, ಕ್ಯಾಂಡಲ್ ಫಿಲ್ಟರಿನ ರಂಧ್ರಗಳಲ್ಲಿ ಸಲೀಸಾಗಿ ನುಸುಳುತ್ತವೆ. ಆರ್‌ಒ ಹಾಕಿಸಿಕೊಂಡವರೂ ಬಾಯಿ ಮುಕ್ಕಳಿಸುವುದು, ಸೊಪ್ಪು ತೊಳೆಯುವುದು ನಲ್ಲಿ ನೀರಲ್ಲೇ. ಹಣವಿದ್ದವರ ಮನೆಗೆ ಯಂತ್ರ ಬಂದ ಮೇಲೆ ಲೈನ್ ಸರಿಮಾಡಿಸಿ ಎಂದು ಕೇಳುವ ದನಿಗಳು ಕಡಿಮೆಯಾಗುತ್ತವೆ, ಶೆಡ್ಡಿನವರು ಅದೇ ನೀರು ಕುಡಿಯುತ್ತಾರೆ. ನನಗೆ ಇದು ಬಹಳ ನೋವಿನ ಸಂಗತಿ. ಸದ್ಯಕ್ಕೆ ಕುಡಿಯುವ ನೀರನ್ನು ಮರಳಿ ಮರಳಿ ಉಕ್ಕುವವರೆಗೆ ಕುದಿಸಿ ಮುಚ್ಚಿಡಿ, ಅದು ಎಲ್ಲರ ಕೈಗೆಟಕುವ ಉಪಾಯ.

ಆಸ್ಪತ್ರೆಯ ವಿಚಾರ: ‘ಎ’ಗಾಗಲಿ ‘ಇ’ಗಾಗಲಿ ನೀಡುವುದು ಹೆಚ್ಚಾಗಿ ಆರೈಕೆ ಮಾತ್ರ, ಬಹುತೇಕರು ತಾವಾಗಿ ಗುಣವಾಗುತ್ತಾರೆ. ಗರ್ಭಿಣಿಯರ ಮಾತು ಬೇರೆ. ಕೊನೆಯ ಮೂರು ತಿಂಗಳಲ್ಲಿ ‘ಇ’ ತಗುಲಿದರೆ ಐವರಲ್ಲಿ ಒಬ್ಬರು ಸಾಯುವಷ್ಟು ಅಪಾಯ. ವಾರ್ಡಿನ ಗರ್ಭಿಣಿಯರ ಪಟ್ಟಿ ಆರೋಗ್ಯ ಕಾರ್ಯಕರ್ತೆಯರ ಬಳಿ ಇರುತ್ತದೆ. ಅವರ ಮನೆಗಳಿಗೆ ಮೊದಲು ಹೋಗಿ ಕುದಿಸಿದ ನೀರಿನ ವಿಷಯ ಹೇಳಲಿ, ಕಣ್ಣು ಹಳದಿಯಾದ ಗರ್ಭಿಣಿಯನ್ನು ಅದೇ ದಿನ ದೊಡ್ಡ ಆಸ್ಪತ್ರೆಗೆ ಕಳಿಸಲಿ. ಯಾರಿಗೇ ಆಗಲಿ ಮಂಪರು, ತಡೆಯದ ವಾಂತಿ, ರಕ್ತಸ್ರಾವ ಕಂಡರೂ ಅಷ್ಟೇ. ಜ್ವರಕ್ಕೆ ಪ್ಯಾರಸಿಟಮಾಲ್ ಮಾತ್ರೆಯನ್ನು ವೈದ್ಯರನ್ನು ಕೇಳದೆ ನುಂಗಬಾರದು.

ಮನವಿ ಬರೆಯುವುದಾದರೆ ಹೀಗೆ ಬರೆಯಿರಿ: ಪ್ರತಿ ವಾಲ್ವಿನ ಕೊನೆ ಮನೆಯಲ್ಲಿ, ನೀರು ಬಂದ ಮೊದಲ 15 ನಿಮಿಷದೊಳಗಿನ ಕ್ಲೋರಿನ್ ಅಳತೆಯನ್ನು ವಾರಕ್ಕೆರಡು ಸಲ ತೆಗೆದು ವಾರ್ಡ್ ಕಚೇರಿಯ ಗೋಡೆಗೆ ಹಚ್ಚಬೇಕು. ಪೈಪ್ ರಿಪೇರಿ ಮತ್ತು ಯುಜಿಡಿ ದೂರುಗಳ ದಿನಾಂಕವಿರುವ ಪುಸ್ತಕ ಇಡಬೇಕು. ಆರೋಗ್ಯ ವಿಭಾಗವೂ ನೀರು ಸರಬರಾಜು ವಿಭಾಗವೂ ವಾರಕ್ಕೊಮ್ಮೆ ಒಂದೇ ಮೇಜಿನಲ್ಲಿ ಕೂತು ಭೇದಿಯ ಲೆಕ್ಕವನ್ನೂ ಕ್ಲೋರಿನ್ ಲೆಕ್ಕವನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ಖಾಲಿ ಇರುವ ಹೆಲ್ತ್ ಇನ್‌ಸ್ಪೆಕ್ಟರ್ ಮತ್ತು ಲ್ಯಾಬ್ ಟೆಕ್ನಿಷಿಯನ್ ಹುದ್ದೆ ತುಂಬಬೇಕು. ಕಟ್ಟಡಕ್ಕೆ ಶಂಕುಸ್ಥಾಪನೆ ಮಾಡುವುದಕ್ಕಿಂತ ಇದು ಬೇಗ ಆಗುವ ಕೆಲಸ.

ಲೈನ್ ದುರಸ್ತಿಯಾದ ಮೇಲೂ ಹೊಸ ಕಾಮಾಲೆ ರೋಗಿಗಳು ಬರುತ್ತಲೇ ಇರುತ್ತಾರೆ, ‘ಇ’ ಆದರೆ ಹತ್ತು ವಾರದವರೆಗೂ. ರಿಪೇರಿ ವಿಫಲವಾಯಿತು ಎಂದು ಗಲಾಟೆ ಏಳುವುದು ಆಗಲೇ. ಅವರು ದುರಸ್ತಿಗೆ ಮೊದಲು ಕುಡಿದವರು. ದುರಸ್ತಿ ಹಿಡಿಯಿತೇ ಎಂದು ತಿಳಿಯಲು ಕೊನೆ ಮನೆಯ ಮೊದಲ ನೀರಿನ ಕ್ಲೋರಿನ್ ಮತ್ತು ಆ ವಾಲ್ವಿನ ವಾಂತಿಭೇದಿ ಸಂಖ್ಯೆ, ಇವೆರಡನ್ನು ನೋಡಿ. ಎರಡು ವಾರದಲ್ಲಿ ಉತ್ತರ ಸಿಗುತ್ತದೆ. ಕ್ಲೋರಿನ್ ಮತ್ತೆ ಸೊನ್ನೆಗೆ ಇಳಿದರೆ ಇನ್ನೊಂದು ತೂತಿದೆ, ಮೂರನೇ ಜಾಗದಿಂದ ಮತ್ತೆ ಅಳೆಯಲು ಶುರು ಮಾಡಿ.